ಬೀಗದಮ್ಮ ಮುಚ್ಚಿಸಿದ ಹಿಂಬಾಗಿಲು

ಪಾಳುಬಿದ್ದ ಕಟ್ಟಡಗಳಿಗೆ ಬೀಗ ಹಾಕಿಸುವುದು ಅವಳ ಕೆಲಸವಾಗಿದ್ದರಿಂದ ಕಚೇರಿಯಲ್ಲಿ ಅವಳಿಗೆ ಬೀಗದಮ್ಮ ಎಂದೇ ಹೆಸರು ಬಿದ್ದಿತ್ತು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಬರಬರುತ್ತಾ ಮುಖದೆದುರೇ ಶುರುವಾಯಿತು. ಅವಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಪುರಸಭೆಯ ಕಟ್ಟಡ ಸುರಕ್ಷತಾ ವಿಭಾಗದಲ್ಲಿ ಉಳಿದವರು ಒಂದು ನೋಟಿಸು ಅಂಟಿಸಿ ಕೈ ತೊಳೆದುಕೊಂಡರೆ, ಇವಳು ತಗಡು, ಸರಪಳಿ, ವೆಲ್ಡಿಂಗಿನವನ ಸಮೇತ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದಳು. ಹಿಡಿದ ಕೆಲಸ ಮುಗಿಸದೆ ಮನೆಗೆ ಹೋದವಳಲ್ಲ ಎಂಬ ಮಾತು ಕಿವಿಗೆ ಬಿದ್ದರೆ ಒಳಗೊಳಗೇ ಹಿಗ್ಗುತ್ತಿದ್ದಳು.

ಹಳೇ ಲಾಡ್ಜಿನ ದೂರು ಅವಳ ಪಾಲಿಗೆ ಬಂದದ್ದೂ ಅದಕ್ಕೇ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ಮೂರಂತಸ್ತಿನ ಕಟ್ಟಡ ಅದು. ಮಾಲೀಕರಾದ ಅಣ್ಣತಮ್ಮಂದಿರು ಹಾವು ಮುಂಗುಸಿಯಂತೆ ಕೋರ್ಟಿನಲ್ಲಿ ಕಚ್ಚಾಡುತ್ತಿದ್ದರು. ಕಟ್ಟಡ ತನ್ನದಾಗಬೇಕು, ರಿಪೇರಿ ಮಾತ್ರ ಇನ್ನೊಬ್ಬ ಮಾಡಿಸಬೇಕು ಅನ್ನುವುದು ಇಬ್ಬರ ಹಟವೂ ಆಗಿತ್ತು. ಅಷ್ಟರಲ್ಲಿ ಮೇಲಿನ ಸಜ್ಜಾದಿಂದ ಗಾರೆಯ ದೊಡ್ಡ ಹೆಂಟೆಯೊಂದು ಕಳಚಿ, ಶಾಲೆಯಿಂದ ಬರುತ್ತಿದ್ದ ಹುಡುಗಿಯ ಪಕ್ಕದಲ್ಲೇ ಬಿತ್ತು. ಬೀದಿಯವರು ಕಚೇರಿಗೆ ನುಗ್ಗಿದರು. "ನಾಳೆಯೊಳಗೆ ಮುಚ್ಚಿಸ್ತೀವಿ" ಎಂದು ಸಾಹೇಬರು ಮಾತು ಕೊಟ್ಟು, ಅವಳ ಕಡೆ ನೋಡಿದರು.

ಅವಳು ಮಾರನೆಯ ದಿನವೇ ಹೋದಳು. ಕೆಳಗಿನ ಕಿಟಕಿಗಳಿಗೆ ತಗಡು ಹೊಡೆಸಿ, ಮುಂಬಾಗಿಲಿಗೆ ಸರಪಳಿ ಬಿಗಿಸಿ ಅರಗಿನ ಮೊಹರು ಹಾಕಿಸುವಷ್ಟರಲ್ಲಿ ಹೊತ್ತು ಇಳಿಯತೊಡಗಿತ್ತು. ಹಿಂದಿನ ಕಬ್ಬಿಣದ ಬಾಗಿಲೊಂದು ಉಳಿದಿತ್ತು. ಅದನ್ನು ಬೆಸೆದುಬಿಟ್ಟರೆ ಆಯಿತು. ಆದರೆ ಬೆಸೆಯುವ ಮುಂಚೆ ಒಳಗೆಲ್ಲ ತಿರುಗಿ ನೋಡಬೇಕೆಂಬುದು ನಿಯಮ. ಅವಳು ಟಾರ್ಚು ಹಿಡಿದು ಕೆಳಗಿನ ಕೋಣೆಗಳನ್ನೆಲ್ಲ ನೋಡಿದಳು. ಬಾವಲಿ ಹಿಕ್ಕೆ, ಒಡೆದ ಬೇಸಿನ್ನು, ಬಾಟಲಿಗಳು. ಮೇಲೆ ಹೋಗುವ ಮೆಟ್ಟಿಲಿನ ಕಂಬಿ ಅರ್ಧ ಕಿತ್ತುಹೋಗಿತ್ತು. ಉಳಿದರ್ಧದ ಮೇಲೆ ಒಂದು ಟವೆಲ್ಲು ಹರವಿತ್ತು. ಮುಟ್ಟಿ ನೋಡಿದಳು. ಒದ್ದೆಯಾಗಿತ್ತು.

ಹೊರಗಿನಿಂದ ವೆಲ್ಡಿಂಗಿನವನು ಕೂಗಿದ. "ಮೇಡಂ, ಇನ್ನೊಂದು ಗೇಟಿನ ಕೆಲಸ ಒಪ್ಕೊಂಡಿದೀನಿ. ಇವತ್ತೇ ಬೆಸೀಬೇಕಾ, ನಾಳೆಗಿಡ್ಲಾ?"

ಅವಳು ಮೇಲಕ್ಕೆ ಮುಖ ಮಾಡಿ, "ಯಾರಾದ್ರೂ ಇದ್ದೀರಾ?" ಎಂದು ಕೂಗಿದಳು. ತನ್ನದೇ ದನಿ ವಾಪಸು ಬಂತು. ಯಾರೂ ಇಲ್ಲ, ಇದ್ದವರು ಎಲ್ಲಾದರೂ ಬೇರೆ ಜಾಗ ನೋಡಿಕೊಳ್ಳುತ್ತಾರೆ ಅಂದುಕೊಂಡಳು. ಹೊರಗೆ ಬಂದು, "ಇವತ್ತೇ ಬೆಸಿ" ಅಂದಳು.

ಬೀದಿಯವರು ಅವಳಿಗೆ ಕೈ ಮುಗಿದರು. ಮರುದಿನ ಸಾಹೇಬರು ಎಲ್ಲರೆದುರು, "ಕೆಲಸ ಅಂದ್ರೆ ಹೀಗಿರ್ಬೇಕು ನೋಡ್ರಿ" ಅಂದರು. ಆ ದಿನವೆಲ್ಲ ಅವಳಿಗೆ ಟವೆಲ್ಲಿನ ನೆನಪೇ ಬರಲಿಲ್ಲ.

ಆಮೇಲೊಂದು ಬೆಳಿಗ್ಗೆ ಪೊಲೀಸ್ ಠಾಣೆಯಿಂದ ಫೋನು ಬಂತು. ಲಾಡ್ಜಿನ ಹಿಂದೆ ಒಬ್ಬ ಮುದುಕ ಬಿದ್ದಿದ್ದ. ನೀರಿನ ಪೈಪು ಹಿಡಿದು ಮೊದಲನೇ ಮಹಡಿಯ ಕಿಟಕಿಗೆ ಹತ್ತಲು ಹೋಗಿದ್ದನಂತೆ. ಪೈಪು ಗೋಡೆ ಬಿಟ್ಟು ಬಂದಿತ್ತು. ಸೊಂಟದ ಮೂಳೆ ಮುರಿದಿತ್ತು, ಜೀವವಿತ್ತು.

ಸಾಹೇಬರು ಸ್ಥಳ ನೋಡಿ ಬಂದವರೇ ನಿಟ್ಟುಸಿರು ಬಿಟ್ಟರು. "ಸದ್ಯ! ಸೀಲು ಹಾಕಿದ್ದು ಹಾಕಿದ ಹಾಗೇ ಇದೆ. ಅಕ್ರಮ ಪ್ರವೇಶ. ನಮ್ಮ ತಲೆ ಮೇಲೆ ಏನೂ ಬರಲ್ಲ."

ಅವಳಿಗೆ ಬೆರಳ ತುದಿಯಲ್ಲಿ ಆ ತೇವ ಮತ್ತೆ ತಗುಲಿದಂತಾಗಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಅವಳು ಗಂಡ ಸತ್ತ ತನ್ನ ಅಕ್ಕನ ಜೊತೆ ಇದ್ದಳು. ಅವತ್ತು ತಟ್ಟೆಯ ಮುಂದೆ ಕೂತು ಬರೀ ಕೈಯಾಡಿಸುತ್ತಿದ್ದವಳನ್ನು ಅಕ್ಕ ಸ್ವಲ್ಪ ಹೊತ್ತು ನೋಡಿದಳು. "ಏನೇ, ತುತ್ತು ಗಂಟಲಲ್ಲಿ ಇಳೀತಿಲ್ವಾ? ಏನಾಯ್ತು ಹೇಳು."

ಅವಳು ಹೇಳಿದಳು. ಟವೆಲ್ಲಿನ ವಿಷಯ ಮಾತ್ರ ಬಿಟ್ಟಳು.

"ಅವನು ಹತ್ತಿದ್ರೆ ನೀನೇನು ಮಾಡ್ತೀಯ? ನೀನೇನು ತಳ್ಳಿದ್ಯಾ?" ಅಂದಳು ಅಕ್ಕ.

ಈ ಮಾತು ಕೇಳಬೇಕೆಂದೇ ಅವಳು ಅರ್ಧ ಹೇಳಿದ್ದಳು. ಕೇಳಿದ ಮೇಲೂ ಸಮಾಧಾನವಾಗದೆ ತಟ್ಟೆ ಸರಿಸಿ ಎದ್ದಳು.

ಮರುದಿನ ಆಸ್ಪತ್ರೆಗೆ ಹೋದಳು. ಸಾರ್ವಜನಿಕ ವಾರ್ಡಿನ ಮೂಲೆಯ ಮಂಚದಲ್ಲಿ ಮುದುಕ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ತೆಳ್ಳನೆಯ ಆಳು, ಬಾಯಿ ಬೊಚ್ಚು. ಅವಳನ್ನು ಯಾವುದೋ ಸೇವಾ ಸಂಘದವಳು ಅಂದುಕೊಂಡ. ಅವಳೂ ಅಲ್ಲ ಅನ್ನಲಿಲ್ಲ.

"ಆ ಲಾಡ್ಜಿನಲ್ಲಿ ನಾನು ಅಡುಗೆಯವನಾಗಿದ್ದೆ ತಾಯಿ. ಮುಚ್ಚಿದ ಮೇಲೂ ಒಂದು ರೂಮಲ್ಲಿ ಇದ್ಕೊಂಡಿದ್ದೆ. ಯಾರೂ ಬೇಡ ಅಂದಿರ್ಲಿಲ್ಲ. ಕೇಟರಿಂಗಿನವನ ಹತ್ರ ತರಕಾರಿ ಹೆಚ್ಚೋಕೆ ಹೋಗ್ತೀನಿ. ಅವತ್ತು ದೊಡ್ಡ ಆರ್ಡರು, ಎರಡು ರಾತ್ರಿ ಅಲ್ಲೇ ಉಳ್ಕೊಂಡೆ. ವಾಪಸು ಬಂದ್ರೆ ಬಾಗಿಲೇ ಗೋಡೆ ಆಗಿಬಿಟ್ಟಿತ್ತು."

"ಮೇಲೆ ಯಾಕೆ ಹತ್ತಿದ್ರಿ? ಅಂಥಾದ್ದೇನಿತ್ತು?"

ಅವನು ನಾಚಿಕೊಂಡು ಬಾಯಿಗೆ ಕೈ ಅಡ್ಡ ಹಿಡಿದ. "ನನ್ನ ಹಲ್ಲು ತಾಯಿ. ವಸಡು ಒತ್ತುತ್ತೆ ಅಂತ ತೆಗೆದಿಟ್ಟು ಹೋಗಿದ್ದೆ. ನಗಬೇಡಿ. ಹಲ್ಲಿಲ್ದೆ ಅನ್ನ ಬಿಟ್ರೆ ಇನ್ನೇನು ತಿನ್ನೋಕಾಗುತ್ತೆ?"

ಪಕ್ಕದ ಮಂಚದವನು ನಕ್ಕ. ಅವಳಿಗೆ ನಗು ಬರಲಿಲ್ಲ. ನೀರು ತರುತ್ತೇನೆಂದು ಹೊರಗೆ ಬಂದು ವರಾಂಡದ ಗೋಡೆಗೆ ಒರಗಿ ನಿಂತಳು. ನೀರು ತರುವುದು ಮರೆತೇಹೋಯಿತು.

ಅಲ್ಲಿಂದ ಸೀದಾ ವೆಲ್ಡಿಂಗ್ ಅಂಗಡಿಗೆ ಹೋದಳು. "ಆ ಬಾಗಿಲು ಕೊಯ್ಯಬೇಕು" ಅಂದಾಗ ಅವನು ಕನ್ನಡಕ ಹಣೆಗೇರಿಸಿ ನೋಡಿದ. "ಮೊನ್ನೆ ತಾನೇ ನೀವೇ ಬೆಸೆಸಿದ್ರಲ್ಲ ಮೇಡಂ?"

"ಹೌದು. ಈಗ ನಾನೇ ಕೊಯ್ಸ್ತಿದೀನಿ."

ಕಿಡಿ ಹಾರಿ, ಬಾಗಿಲು ಕಿರ್ರೆಂದು ತೆರೆಯಿತು. ಅವಳು ಗೋಡೆಗೆ ಅಂಟಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ಅವತ್ತು ಮೇಲೆ ಹತ್ತಿ ನೋಡುವುದಕ್ಕೂ ಇಷ್ಟೇ ಹೊತ್ತು ಸಾಕಾಗುತ್ತಿತ್ತು. ಹಿಂದಿನ ಕೋಣೆಯ ಬಾಗಿಲು ತಳ್ಳಿದಳು. ನೆಲ ಗುಡಿಸಿತ್ತು. ಹೊದಿಕೆ ಮಡಿಸಿತ್ತು. ಗೂಟಕ್ಕೆ ಒಗೆದ ಅಂಗಿಯೊಂದು ನೇತಾಡುತ್ತಿತ್ತು. ಕಿಟಕಿಯ ಪಕ್ಕದ ಗೂಡಿನಲ್ಲಿ ಸ್ಟೀಲ್ ಲೋಟದ ನೀರಿನೊಳಗೆ ಹಲ್ಲಿನ ಸೆಟ್ಟು ಕೂತಿತ್ತು. ಬಾಗಿಲ ಸಂದಿಯಲ್ಲಿ ಇಣುಕಿದ್ದರೂ ಸಾಕಿತ್ತು, ಇದು ಒಬ್ಬ ಮನುಷ್ಯನ ಮನೆ ಎಂದು ಕುರುಡರಿಗೂ ಗೊತ್ತಾಗುತ್ತಿತ್ತು.

ಸಾಮಾನೆಲ್ಲ ಎರಡು ಚೀಲದಲ್ಲಿ ಹಿಡಿಯಿತು.

ಆಸ್ಪತ್ರೆಯಲ್ಲಿ ಚೀಲ ನೋಡಿ ಮುದುಕನ ಮುಖ ಅರಳಿತು. "ನೀವು ಹೇಗೆ ಒಳಗೆ ಹೋದ್ರಿ ತಾಯಿ? ಯಾರು ಬಿಟ್ರು?"

"ನಾನು ಪುರಸಭೆಯವಳು. ಬಾಗಿಲು ಮುಚ್ಚಿಸಿದ್ದು ನಾನೇ." ಅವಳು ಚೀಲ ಕೆಳಗಿಟ್ಟಳು. "ಮುಚ್ಚಿಸೋ ಮುಂಚೆ ನಿಮ್ಮ ಟವೆಲ್ ನೋಡಿದ್ದೆ. ಮುಟ್ಟಿಯೂ ನೋಡಿದ್ದೆ. ಒದ್ದೆ ಇತ್ತು."

ಅವನ ಮುಖದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. "ಹೊರಡೋ ಮುಂಚೆ ಒಗೆದು ಹಾಕಿದ್ದು" ಅಂದ. "ಮುಟ್ಟಿ ನೋಡಿದಾಗ ಏನನ್ನಿಸ್ತು ನಿಮಗೆ?"

"ಕೆಲಸ ಮುಗಿಸಬೇಕು ಅನ್ನಿಸ್ತು. ಅಷ್ಟೇ."

ಅವನು ಮುಖ ಗೋಡೆಯ ಕಡೆ ತಿರುಗಿಸಿದ. ಅವಳು ಕೂತೇ ಇದ್ದಳು. ನರ್ಸು ಬಂದು ಹೊತ್ತಾಯಿತು ಎಂದಾಗ ಎದ್ದಳು.

ಮನೆಯಲ್ಲಿ ಈ ಸಲ ಪೂರ್ತಿ ಹೇಳಿದಳು. ಅಕ್ಕ ಕೇಳಿದಳು. "ಅವನಿಗೆ ಹೇಳಿದ್ದು ಅವನಿಗೋಸ್ಕರನಾ, ನಿನ್ನ ಎದೆ ಭಾರ ಇಳಿಸ್ಕೊಳ್ಳೋಕಾ?"

"ಗೊತ್ತಿಲ್ಲಕ್ಕ."

"ಭಾರ ಇಳೀತಾ?"

"ಇಲ್ಲ."

ಸಾಹೇಬರ ಮುಂದೆಯೂ ಅವಳು ಇದ್ದದ್ದನ್ನು ಇದ್ದಂತೆ ಹೇಳಿದಾಗ ಅವರು ಕುರ್ಚಿಯಿಂದ ಅರ್ಧ ಎದ್ದರು. "ಬೀದೀಲಿ ಹೋಗೋ ಮಾರೀನ ಮನೆಗೆ ಯಾಕಮ್ಮ ಕರೀತೀಯ? ಯಾರೂ ಕೇಳಿಲ್ಲ, ಯಾರಿಗೂ ಗೊತ್ತಿಲ್ಲ."

"ನನಗೆ ಗೊತ್ತಿದೆಯಲ್ಲ ಸರ್."

ವಿಚಾರಣೆ ನಡೆಯಿತು. ಅವಳನ್ನು ಚರಂಡಿ ವಿಭಾಗಕ್ಕೆ ಹಾಕಿದರು. ಬೀಗದಮ್ಮ ಹೋಗಿ ಮೋರಿಯಮ್ಮ ಆದಳು ಎಂದು ಕಚೇರಿಯಲ್ಲಿ ನಕ್ಕರು. ಒಳ್ಳೆಯದೂ ಒಂದಾಯಿತು. ಸುದ್ದಿ ಕೋರ್ಟಿನವರೆಗೆ ಹೋಗಿ, ಅಣ್ಣತಮ್ಮಂದಿರಿಬ್ಬರಿಗೂ ಛೀಮಾರಿ ಬಿದ್ದು, ಲಾಡ್ಜನ್ನು ಕೆಡವಲು ಅಪ್ಪಣೆಯಾಯಿತು. ಕೆಡವುವ ಮುಂಚೆ ಹೊಸ ಅಧಿಕಾರಿ ಪ್ರತಿ ಕೋಣೆಗೂ ಹೋಗಿ ನೋಡಿದ್ದನ್ನು ಅವಳು ಬೀದಿಯ ಆಚೆ ಬದಿಯಲ್ಲಿ ನಿಂತು ಕಂಡಳು.

ಮುದುಕನ ಮೂಳೆ ಕೂಡಿಕೊಂಡಿತು, ನಡಿಗೆ ಮಾತ್ರ ಓರೆಯಾಯಿತು. ಅವಳು ಓಡಾಡಿ ನಿರಾಶ್ರಿತರ ವಸತಿಯಲ್ಲಿ ಅವನಿಗೊಂದು ಜಾಗ ಮಾಡಿಸಿದ್ದಳು. ಅವನು ಬೇಡವೆಂದ. "ನಾನು ಎಲ್ಲಿರಬಾರದು ಅಂತಾನೂ ನೀವೇ ಹೇಳ್ತೀರಿ, ಎಲ್ಲಿರಬೇಕು ಅಂತಾನೂ ನೀವೇ ಹೇಳ್ತೀರಿ. ಸಾಕು ಬಿಡಿ ತಾಯಿ." ಕೇಟರಿಂಗಿನವನೇ ತನ್ನ ಉಗ್ರಾಣದಲ್ಲಿ ಅವನಿಗೆ ಮಂಚ ಹಾಕಿಕೊಟ್ಟ. ಕೂತಲ್ಲೇ ತರಕಾರಿ ಹೆಚ್ಚುವ ಕೆಲಸ.

ರಜೆಯ ದಿನ ಅವಳು ಅಲ್ಲಿಗೆ ಹೋಗುತ್ತಿದ್ದಳು. ಬಾ ಎಂದವರಿಲ್ಲ, ಬೇಡವೆಂದವರೂ ಇಲ್ಲ. ಒಂದು ಮೂಲೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಮುದುಕ ಉಳಿದವರ ಜೊತೆ ಹರಟುತ್ತಿದ್ದ, ತಮಾಷೆ ಮಾಡುತ್ತಿದ್ದ. ಅವಳು ಮಾತಾಡಿಸಿದರೆ ಮಾತ್ರ ಒಂದು ಹ್ಞೂಂ, ಇಲ್ಲವೇ ಒಂದು ಊಹೂಂ. ಅವಳು ಅಷ್ಟನ್ನೇ ತೆಗೆದುಕೊಂಡು ಮನೆಗೆ ಹೋಗುತ್ತಿದ್ದಳು. ಇನ್ನು ಇದು ಹೀಗೇ ಎಂದು ಒಪ್ಪಿಕೊಂಡೂ ಆಗಿತ್ತು.

ಹಾಗೆ ಒಂದು ಸಂಜೆ ಕೈ ತೊಳೆದುಕೊಂಡು ಹೊರಟವಳು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳು. ಹಿಂದಿನಿಂದ ಅವನ ದನಿ ಬಂತು.

"ಮೆಟ್ಟಿಲ ಹತ್ರ ಎಣ್ಣೆ ಚೆಲ್ಲಿದೆ. ನೋಡ್ಕೊಂಡು ಇಳೀರಿ."

ಅವಳು ತಿರುಗಿ ನೋಡಿದಳು. ಅವನು ತಲೆ ಎತ್ತಿರಲಿಲ್ಲ, ಚಾಕು ತನ್ನ ಪಾಡಿಗೆ ಓಡುತ್ತಿತ್ತು. "ಸರಿ" ಎಂದು ಅವಳು ಬಾಗಿಲ ಚೌಕಟ್ಟು ಹಿಡಿದು, ಎಣ್ಣೆಯನ್ನು ತಪ್ಪಿಸಿ, ನಿಧಾನವಾಗಿ ಬೀದಿಗಿಳಿದಳು.