ಗೋದಲಿಯಲ್ಲಿ ಉಳಿದ ಕಡ್ಡಿ

ಭೈರಮ್ಮನ ಕೊಟ್ಟಿಗೆಯಲ್ಲಿ ಹೋದ ವರ್ಷ ಹುಟ್ಟಿದ ಹೆಣ್ಣುಗರು ಒಂದು ತಿಂಗಳೂ ಬದುಕಲಿಲ್ಲ. ತಾಯಿ ಹಸು ಕೆಂಪಿಯ ಹಾಲು ಅದಕ್ಕೆ ಸಾಲುತ್ತಿರಲಿಲ್ಲ. ಈ ವರ್ಷ ಕೆಂಪಿ ಮತ್ತೆ ಹೆಣ್ಣುಗರು ಹಾಕಿತು. ಅದರ ಪಕ್ಕೆಲುಬೂ ಎಣಿಸುವ ಹಾಗೆ ಕಾಣತೊಡಗಿತ್ತು.

ಹಾಗಂತ ಮೇವಿಗೆ ಬರವಿರಲಿಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ ಭೈರಮ್ಮ, ಅವಳ ಗಂಡ ಐತ ಮೇವಿಗೆಂದೇ ಅಲಸಂದೆ ಬಿತ್ತಿದ್ದರು. ಬೀಜ ಸಾಲದೆ ಅರ್ಧ ಗದ್ದೆಗೆ ಮೊದಲು, ಉಳಿದರ್ಧಕ್ಕೆ ಮೂರು ವಾರ ಬಿಟ್ಟು. ಮೊದಲಿನದು ಕೋಡು ಬಲಿತು ಒಣಗುತ್ತಿತ್ತು. ಭೈರಮ್ಮ ದಿನಾ ಅದರಲ್ಲೇ ಒಂದು ಹೊರೆ ಕೊಯ್ದು ತಲೆಯ ಮೇಲೆ ತರುತ್ತಿದ್ದಳು.

ದನಕರುಗಳ ಆರೈಕೆ ತಿಳಿದ ನಮ್ಮ ಸಂಘದ ಪಶುಸಖಿ ಮಾಲತಿ ಕರು ನೋಡಲು ಬಂದಳು.

"ಕೆಂಪಿಗೆ ಎಂತ ಹಾಕ್ತಿ ಭೈರಕ್ಕಾ?"

"ದಿನಕ್ಕೊಂದು ಹೊರೆ ಅಲಸಂದೆ, ಜತೆಗೆ ಹುಲ್ಲು. ಬೇಕಾದ್ರೆ ನನ್ನ ಕುತ್ತಿಗೇನೇ ಕೇಳು, ಹೇಳುತ್ತೆ."

ಮಾಲತಿ ಗೋದಲಿಗೆ ಕೈಹಾಕಿದಳು. ಹಿಡಿ ತುಂಬ ಒರಟು ಕಡ್ಡಿ ಬಂತು.

"ಇದೆಂತ?"

"ಅದನ್ನ ತಿನ್ನಲ್ಲ ಮಾರಾಯ್ತಿ. ಬೆಳಿಗ್ಗೆ ಗೊಬ್ಬರಗುಂಡಿಗೆ ಹಾಕ್ತೀನಿ."

"ಹಂಗಾದ್ರೆ ನೀನು ಹೊತ್ತಿದ್ದು ಅರ್ಧ ಕೆಂಪಿಗೆ, ಅರ್ಧ ಗುಂಡಿಗೆ."

ಅಂಗಳದಿಂದ ಐತ ಅಂದ, "ಗುಂಡಿ ದಪ್ಪ ಆಗ್ತಿದೆ, ದನ ಆಗ್ತಿಲ್ಲ ಅಂತ ನಾ ಆವತ್ತೇ ಹೇಳಿದ್ದೆ."

"ಹೊರೆ ಹೊರದವನಿಗೆ ಮಾತಿಗೇನು ಬರ!" ಭೈರಮ್ಮ ತಿರುಗಿ ಅಂದಳು.

ಮಾಲತಿ ನಗಲಿಲ್ಲ. "ಕೋಡು ಬಲಿತಂಗೆ ಸೊಪ್ಪು ಉದುರುತ್ತೆ ಅಕ್ಕಾ, ಕಡ್ಡಿ ನಾರಾಗುತ್ತೆ. ಹಾಲಿಗೆ ಬೇಕಾದ ಸತ್ವ ಹೆಚ್ಚಿರೋದು ಸೊಪ್ಪಲ್ಲಿ. ಆ ಕಡೆ ಅರ್ಧ ಗದ್ದೆ ಹೂ ಬಿಟ್ಟಿದೆಯಲ್ಲ, ಅದನ್ನ ಕೊಯ್ಯಿ."

"ಹೂವಿಗೆ ಕತ್ತಿ ಹಾಕೋದಾ? ಹದಿನೈದು ದಿನ ಬಿಟ್ರೆ ಇನ್ನೂ ತೂಕ ಬರುತ್ತೆ."

"ತೂಕ ನಿನ್ನ ತಲೆಗೆ ಬರುತ್ತೆ. ಹದಿನೈದು ದಿನ ಈ ಕರುವಿಗೆ ಇದೆಯಾ?"

ಭೈರಮ್ಮ ಹೋದ ವರ್ಷದ ಕರು ಕಟ್ಟಿದ್ದ ಗೂಟ ನೋಡಿದಳು. ಅದಿನ್ನೂ ಅಲ್ಲೇ ಇತ್ತು. ಕತ್ತಿ ತೆಗೆದುಕೊಂಡು ಗದ್ದೆಗಿಳಿದಳು.

ಮಾಲತಿ ಹೇಳಿದಂತೆ ಬೀಜಕ್ಕೆ ಎರಡು ಸಾಲು ಬಿಟ್ಟಳು. ಬೆಳಿಗ್ಗೆ ಕೊಯ್ದದ್ದನ್ನು ನೆರಳಲ್ಲಿ ಬಾಡಿಸಿ, ಸಂಜೆ ಒಣಹುಲ್ಲಿನ ಜತೆ ಬೆರೆಸಿ ಹಾಕಿದಳು. ಹಸಿಯದನ್ನೇ ಹೊಟ್ಟೆ ತುಂಬ ಹಾಕಿದರೆ ದನಕ್ಕೆ ಹೊಟ್ಟೆ ಉಬ್ಬರಿಸುತ್ತದೆ. ಮಾರನೆಯ ಬೆಳಿಗ್ಗೆ ಗೋದಲಿ ತಡವಿದಳು. ಕೈಗೆ ಒಂದು ಕಡ್ಡಿಯೂ ಸಿಗಲಿಲ್ಲ.

ಎರಡು ವಾರ ಕಳೆಯಿತು. ಕರು ಕುಡಿದು ಬಿಟ್ಟ ಮೇಲೂ ಕೆಚ್ಚಲಲ್ಲಿ ಹಾಲು ಉಳಿಯಿತು. ಕರು ಅಂಗಳದಲ್ಲಿ ಒಮ್ಮೆ ನೆಗೆಯಿತು. ಭೈರಮ್ಮ ಅದರ ಬೆನ್ನು ಸವರುತ್ತ, "ಹೋದ ವರ್ಷವೂ ಅಲಸಂದೆ ಇತ್ತಲ್ಲ ಮಾಲತಿ. ಹೂವೂ ಬಿಟ್ಟಿತ್ತು," ಅಂದಳು.

ಮಾಲತಿಯೂ ಕರುವಿನ ಬೆನ್ನಿಗೆ ಕೈಯಿಟ್ಟಳು.

ಅಕ್ಕತಂಗಿಯರೇ, ನಾಳೆ ಬೆಳಿಗ್ಗೆ ನಿಮ್ಮ ಗೋದಲಿಗೂ ಒಮ್ಮೆ ಕೈಹಾಕಿ ನೋಡಿ. ಕಡ್ಡಿ ಉಳಿದಿದ್ದರೆ ಕೊಯ್ಲು ತಡವಾಗಿದೆ ಎಂದು ತಿಳಿಯಿರಿ. ಹೂವಿಗೆ ಮೊದಲೇ ಕೊಯ್ದರೆ ಮೇವು ಕಡಿಮೆ, ಅದರಲ್ಲೂ ನೀರೇ ಹೆಚ್ಚು. ಅರ್ಧದಷ್ಟು ಗಿಡ ಹೂ ಬಿಟ್ಟಾಗ ಕತ್ತಿ ಹಾಕಿ. ಹೊರೆ ಹಗುರಾಯಿತೆಂದು ಹಿಂಜರಿಯಬೇಡಿ. ಭೈರಮ್ಮನಿಗೆ ಒಂದು ವರ್ಷ ತಡವಾಗಿ ತಿಳಿಯಿತು. ನಿಮಗೆ ಈವತ್ತೇ ತಿಳಿದಿದೆ.