ಬಿಟ್ಟಿ ಇಳಿಜಾರು

ಮುನಿರತ್ನಮ್ಮ ಗೋಣಿಚೀಲಕ್ಕೆ ಹುಲ್ಲು ತುಂಬುತ್ತಿದ್ದಳು. ಹಿಡಿಹಿಡಿಯಾಗಿ ಸುರುಳಿ ಸುತ್ತಿ, ಚೀಲದ ಮೂಲೆಗೆ ತುರುಕಿ, ಮೊಣಕೈಯಿಂದ ಗುದ್ದಿ ಗಟ್ಟಿ ಮಾಡುತ್ತಿದ್ದಳು. ಚೀಲ ತುಂಬಿದ ಮೇಲೆ ದಬ್ಬಣಕ್ಕೆ ನಾರು ಪೋಣಿಸಿ ಬಾಯಿ ಹೊಲಿಯತೊಡಗಿದಳು. ಎದುರಿಗೆ, ಹೊಸಿಲ ಮೇಲೆ, ಗಂಡ ಸೊಣ್ಣಪ್ಪ ಕೂತಿದ್ದ. ಮುಂದಿಟ್ಟ ಅಂಬಲಿಯನ್ನು ಅವನು ಮುಟ್ಟಿರಲಿಲ್ಲ. ಅವನ ಬಲಗಾಲು ಮಾತ್ರ ನೆಲವನ್ನು ಒತ್ತಿ ಬಿಡುತ್ತಿತ್ತು, ಒತ್ತಿ ಬಿಡುತ್ತಿತ್ತು. ನಿದ್ದೆಯಲ್ಲೂ ಆ ಕಾಲು ಹಾಗೇ ಮಾಡುತ್ತದೆಂದು ಅವಳೊಬ್ಬಳಿಗೇ ಗೊತ್ತು.

ಕ್ಲೀನರಾಗಿದ್ದ ಸೊಣ್ಣಪ್ಪ ಈವತ್ತಿನಿಂದ ಡ್ರೈವರು.

ಲಾರಿ ಊರಿನ ಕೋದಂಡಪ್ಪನದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದನ್ನು ತಂದದ್ದು. ಅದರಲ್ಲಿ ಸರ್ವೆ ಮರದ ದಿಮ್ಮಿ ತುಂಬಿ, ಬೂದಿಕೋಟೆ, ಬಂಗಾರಪೇಟೆ ದಾಟಿ ಕೋಲಾರದ ಚಿನ್ನದ ಸೀಮೆಯ ನಂದಿದುರ್ಗದ ಗಣಿಗೆ ಹಾಕುತ್ತಿದ್ದ. ಇಷ್ಟು ದಿನ ಓಡಿಸಿದವನು ಗಣಿ ಪಕ್ಕದ ಕೋರಮಂಡಲಿನ ಕುಪ್ಪುಸ್ವಾಮಿ. ಎಂಥ ಇಳಿಜಾರಿನಲ್ಲೂ ಅವನು ಇಂಜಿನ್ ಆರಿಸುತ್ತಿರಲಿಲ್ಲ. "ಇಂಜಿನ್ ನಿಲ್ಸಿದ್ರೆ ವಂಡಿ ನಮ್ದಲ್ಲಮ್ಮಾ, ಎಮನ್ದು" ಎಂದು ಕೂಲಿ ಹೆಂಗಸರಿಗೆ ಹೇಳಿ ನಗುತ್ತಿದ್ದ. ಪೆಟ್ರೋಲು ಉಳಿಯಲೆಂದು ಕೋದಂಡಪ್ಪ ಆರಿಸೆಂದ. ಇವನು ಆಗದೆಂದ. ಮಾತಿಗೆ ಮಾತು ಬೆಳೆದು, ಒಂದು ದಿನ ಕುಪ್ಪುಸ್ವಾಮಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಆಮೇಲೆ ಸೊಣ್ಣಪ್ಪನಿಗೆ ಕಲಿಸಿದ್ದು ಬತ್ತಿದ ಕೆರೆಯಂಗಳದಲ್ಲಿ, ಖಾಲಿ ಲಾರಿಯಲ್ಲಿ. ಅಲ್ಲಿ ಏರಿಲ್ಲ, ಇಳಿತವಿಲ್ಲ, ಎದುರು ಬರುವ ಗಾಡಿಯಿಲ್ಲ. ಬ್ರೇಕು ತುಳಿಯಲು ಮರೆತರೂ ಚಕ್ರ ಮರಳಿನಲ್ಲಿ ಹೂತು ಲಾರಿ ತಾನೇ ನಿಲ್ಲುತ್ತಿತ್ತು. ಲೈಸೆನ್ಸ್ ಕೊಡುವ ಸಾಹೇಬರು ಕೋದಂಡಪ್ಪನ ಜಗಲಿಯಲ್ಲಿ ಕೋಳಿಸಾರು ಉಂಡು, ಕೈ ತೊಳೆಯುತ್ತ ವಿಚಾರಿಸಿದರು.

"ಏನಯ್ಯ, ಗಾಡಿ ಮುಂದಕ್ಕೆ ಬಿಡ್ತೀಯಾ?"

"ಬಿಡ್ತೀನಿ ಸಾಮಿ."

"ಹಿಂದಕ್ಕೆ?"

"ಬಿಡ್ತೀನಿ ಸಾಮಿ."

"ಇನ್ನೇನು ಮತ್ತೆ, ಕಲಿತಂಗಾಯ್ತು."

ನಿಲ್ಲಿಸುತ್ತೀಯಾ ಎಂದು ಅವರು ಕೇಳಲಿಲ್ಲ.

ಲಾರಿಯ ಮುಂದುಗಡೆ ಈ ತುದಿಯಿಂದ ಆ ತುದಿಗೆ ಇದ್ದದ್ದು ಒಂದೇ ಮೆತ್ತೆ. ಕುಪ್ಪುಸ್ವಾಮಿ ಯಾರ ಪೈಕಿ ಎಂದು ಕೋದಂಡಪ್ಪ ಕೇಳಿರಲಿಲ್ಲ. ಸೊಣ್ಣಪ್ಪ ಯಾರ ಪೈಕಿ ಎಂದು ಕೇಳಬೇಕಾಗಿರಲಿಲ್ಲ. "ನಾನ್ ಕೂರೋ ಮೆತ್ತೆ ಮೇಲೆ ನಿನ್ ತಿಕ ಇಕ್ತೀಯೇನ್ಲಾ?" ಎಂದು, ಡ್ರೈವರ್ ಕಡೆಯ ಅರ್ಧ ಮೆತ್ತೆಯನ್ನು ಕೊಯ್ಯಿಸಿ, ಅಲ್ಲಿ ಸೀಮೆಎಣ್ಣೆ ಡಬ್ಬಗಳು ಬರುವ ಹಲಗೆಪೆಟ್ಟಿಗೆ ಇಡಿಸಿದ. ನಡುವೆ ಒಂದು ಹಲಗೆ ನಿಲ್ಲಿಸಿದ. ಪೆಟ್ಟಿಗೆ ತೀರ ತಗ್ಗು. "ಅದ್ರ ಮೇಲೆ ಕುಂತ್ರೆ ಬಾನೆಟ್ಟು ಕಾಣ್ತದೆ, ರಸ್ತೆ ಕಾಣ್ಸಲ್ಲ ಕಣಮ್ಮೀ" ಎಂದು ಸೊಣ್ಣಪ್ಪ ನಿನ್ನೆ ಹೆಂಡತಿಗೆ ಹೇಳಿದ್ದ. ಅದಕ್ಕೇ ಈ ಚೀಲ. ಅವನು ಎತ್ತರ ಕೂರಲಿ ಎಂದು ಅವಳು ಇನ್ನಷ್ಟು ಹುಲ್ಲು ತುರುಕಿದ್ದಳು. ಚೀಲ ದಿಂಡಿನಂತೆ ಗುಂಡಗಾಗಿತ್ತು.

ದಿಮ್ಮಿ ಹೇರಿದ ಲಾರಿ ಕೋದಂಡಪ್ಪನ ಮನೆ ಮುಂದೆ ನಿಂತಿತ್ತು. ಹೆಂಗಸರು ಹಗ್ಗ ಹಿಡಿದು ದಿಮ್ಮಿಗಳ ಮೇಲೆ ಹತ್ತುತ್ತಿದ್ದರು. ಗಣಿಯಲ್ಲಿ ಇಳಿಸುವವರೂ ಅವರೇ.

"ಏನ್ಲಾ ಸೊಣ್ಣಾ ಅದು, ಮದ್ಲಿಂಗನ ಆಸಿಗೇನಾ?" ಎಂದ ಕೋದಂಡಪ್ಪ.

"ಗದ್ದುಗೆ ಸಾಮಿ! ಎಂಡ್ತಿ ಒಲ್ದವ್ಳೆ" ಎಂದಳು ಮೇಲಿನಿಂದ ಪಾಪಕ್ಕ. ಕೂಲಿಯವರಲ್ಲಿ ಅವಳೇ ಹಿರಿಯಳು, ಬಾಯಿಯೂ ಅವಳದೇ ದೊಡ್ಡದು. "ಕಿರೀಟ ಒಂದ್ ನೀವ್ ಒಲ್ಸಿಬಿಡಿ."

ಹೆಂಗಸರು ಕಿಸಕ್ಕನೆ ನಕ್ಕರು. ಸೊಣ್ಣಪ್ಪ ನಗಲಿಲ್ಲ. ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಂಡುತ್ತ, "ಸಾಮಿ, ಬಿರೇಕು ಮೂರ್ ಕಿತ ತುಳುದ್ರೆ ಇಡೀತದೆ. ಬಂಗಾರ್‌ಪೇಟೇಲಿ ಮೇಸ್ತ್ರಿಗೆ ಒಂದ್ ಕಿತ ತೋರ್ಸಿದ್ರೆ..." ಎಂದ.

"ಮೂರ್ ಕಿತಾನೇ ತುಳಿ. ಕಾಲು ನಂದಾ ನಿಂದಾ? ನಿನ್ ಕಾಲ್ಗೆ ಬಾಡ್ಗೆ ಬೇರೆ ಕೊಡ್ಬೇಕಾ? ಅತ್ಲಾ ಮೇಲಕ್ಕೆ, ಕೇರಿ ನನ್ ಮಗನೆ. ಆ ಚೀಲ ನನ್ ಕಡೆಗೆ ತಾಕೀತು, ಉಷಾರು."

ಮುನಿರತ್ನಮ್ಮನೂ ಕೂಲಿಯವರ ಜೊತೆ ಹತ್ತಿ ದಿಮ್ಮಿಗಳ ಮುಂತುದಿಯಲ್ಲಿ ಕೂತಳು. ಡ್ರೈವರ್ ತಲೆ ಮೇಲಿನ ಕ್ಯಾನ್ವಾಸು ಎಂದೋ ಹರಿದಿತ್ತು. ಅದರ ತೂತಿನಲ್ಲಿ ಗಂಡನ ನೆತ್ತಿ, ಅವನ ಎರಡು ಕೈ, ಪಕ್ಕದಲ್ಲಿ ಕೋದಂಡಪ್ಪನ ರುಮಾಲು ಕಾಣುತ್ತಿದ್ದವು. ಅವಳು ಆ ನೆತ್ತಿಯಿಂದ ಕಣ್ಣು ಕೀಳಲಿಲ್ಲ.

ಬೂದಿಕೋಟೆ ದಾಟಿತು. ಮುಂದೆ ಒಂದು ಏರು. ಲಾರಿ ಮುಲುಗುತ್ತ, ಹೊಗೆ ಕಾರುತ್ತ ಹತ್ತಿತು. ಏರಿನ ನೆತ್ತಿ ಮುಟ್ಟಿ ಮೂತಿ ಕೆಳಗೆ ಮಾಡಿದ್ದೇ ತಡ, ಕೋದಂಡಪ್ಪನ ಉಂಗುರದ ಕೈ ಹಲಗೆಯ ಮೇಲಿಂದ ಚಾಚಿ ಕೀ ತಿರುಗಿಸಿತು.

ಇಂಜಿನ್ ನಿಂತಿತು. ಅಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು ಒಮ್ಮೆಗೇ ಹೋಗಿ, ಕೆಳಗಿನ ಮಾತು ಬಿಡಿಬಿಡಿಯಾಗಿ ಕೇಳಿಸಿತು.

"ಸಾಮಿ, ಬ್ಯಾಡ ಸಾಮಿ..."

"ಗೇರು ತೆಗೀಲಾ, ತೆಗೀ ಅಂದ್ರೆ! ಇಳಿಜಾರು ದೇವ್ರು ಕೊಟ್ಟಿದ್ದು ಕಣ್ಲಾ, ಬಿಟ್ಟಿ ಓಡ್ತದೆ. ಅದಕ್ಕೂ ಪೆಟ್ರೋಲು ಕುಡಿಸ್ತೀಯಾ?"

ಲಾರಿ ಮೆಲ್ಲಗೆ ಹೊರಟಿತು. ಬರೀ ಗಾಳಿಯ ಸದ್ದು, ದಿಮ್ಮಿಗಳು ಒಂದಕ್ಕೊಂದು ಉಜ್ಜುವ ಕಿರ್ ಕಿರ್ ಸದ್ದು. ಆಮೇಲೆ ಗಾಳಿಯ ಸದ್ದೇ ದೊಡ್ಡದಾಯಿತು. ಸೀರೆಯ ಸೆರಗು ಮುಖಕ್ಕೆ ರಪರಪ ಹೊಡೆಯಿತು. ಹೆಂಗಸರು ಹಗ್ಗವನ್ನು, ದಿಮ್ಮಿಯನ್ನು, ಒಬ್ಬರನ್ನೊಬ್ಬರು ತಬ್ಬಿ ಹಿಡಿದರು. ಕೆಳಗೆ ತಿರುವಿನಲ್ಲಿ ಹುಲ್ಲು ಹೇರಿದ ಎತ್ತಿನ ಗಾಡಿಯೊಂದು ನಡುರಸ್ತೆಯಲ್ಲಿ ಹೋಗುತ್ತಿತ್ತು. ಗಾಡಿಯವನು ತೂಕಡಿಸುತ್ತಿದ್ದ. ಇಂಜಿನ್ ಸದ್ದಿಲ್ಲದೆ ಬರುವ ಲಾರಿ ಅವನಿಗೆ ಕೇಳುವುದಾದರೂ ಹೇಗೆ?

ಸೊಣ್ಣಪ್ಪ ಬ್ರೇಕು ತುಳಿದ. ಇನ್ನೊಮ್ಮೆ ತುಳಿದ. ಮೂರನೆಯ ಸಲ ಇಡೀ ಮೈಯನ್ನು ಕಾಲಿಗೆ ಕೊಟ್ಟು ಒದ್ದ. ಒದ್ದ ರಭಸಕ್ಕೆ ಗುಂಡನೆಯ ಚೀಲ ಹಿಂದಕ್ಕೆ ಉರುಳಿತು. ತೂತಿನಲ್ಲಿ ಕಾಣುತ್ತಿದ್ದ ನೆತ್ತಿ ಮಾಯವಾಯಿತು. ಸ್ಟಿಯರಿಂಗಿಗೆ ಜೋತುಬಿದ್ದ ಎರಡು ಕೈ ಮಾತ್ರ ಉಳಿದವು.

ಮುನಿರತ್ನಮ್ಮ ಕ್ಯಾನ್ವಾಸಿನ ತೂತಿನೊಳಕ್ಕೆ ಕೈ ಚಾಚಿದಳು.

ಜೋತ ಕೈಗಳ ಭಾರಕ್ಕೆ ಲಾರಿ ಎಡಕ್ಕೆ ಎಳೆಯಿತು. ಗಾಡಿಯ ಹುಲ್ಲನ್ನು ಸವರಿಕೊಂಡು, ರಸ್ತೆ ಬಿಟ್ಟು, ರಿಪೇರಿಯವರು ಸುರಿದಿದ್ದ ಜಲ್ಲಿ ರಾಶಿಯ ಮೇಲೆ ಹತ್ತಿ ನಿಂತಿತು. ದಿಮ್ಮಿಗಳು ಒಮ್ಮೆ ಮುಂದಕ್ಕೆ ಸರಿದು ಹಿಂದಕ್ಕೆ ಕೂತವು. ಪಾಪಕ್ಕ ಚೀರಿದಳು. ಅವಳ ಎಡಗೈ ಎರಡು ದಿಮ್ಮಿಗಳ ನಡುವೆ ಇತ್ತು.

ಕೋದಂಡಪ್ಪ ಇಳಿದು ಮೊದಲು ನೋಡಿದ್ದು ಮಡ್ಗಾರ್ಡನ್ನು. ಅದು ಸೊಟ್ಟಗಾಗಿತ್ತು. ಆಮೇಲೆ ಸೊಣ್ಣಪ್ಪನನ್ನು ಕೆಳಗೆ ಕರೆದು, ಕಾಲಿನ ಮೆಟ್ಟು ಕೈಗೆ ತೆಗೆದುಕೊಂಡು, ಕೆನ್ನೆಗೆ ಬಾರಿಸಿದ. ಕೈಯಲ್ಲಿ ಮುಟ್ಟಿದರೆ ಮೈಲಿಗೆ, ಮೆಟ್ಟಿಗೆ ಮೈಲಿಗೆಯಿಲ್ಲ.

"ಮುಂದೆ ನೋಡಿ ಓಡ್ಸು ಅಂದ್ರೆ ಕೆಳಗ್ ಬಿದ್ಕೊಂಡು ಓಡ್ಸ್ತೀಯೇನ್ಲಾ ಬೇವರ್ಸಿ? ಆ ದರಿದ್ರದ ಚೀಲ ಬಿಸಾಕು. ಪೆಟ್ಟಿಗೆ ಮೇಲೇ ಕೂರು."

ಸೊಣ್ಣಪ್ಪ ಚೀಲವನ್ನು ಹಳ್ಳಕ್ಕೆ ಎಸೆದ. ನಾನೇ ಅಷ್ಟು ಗಟ್ಟಿಯಾಗಿ ತುರುಕಿದೆ, ಅದಕ್ಕೇ ಉರುಳಿತು ಎಂದುಕೊಂಡಳು ಮುನಿರತ್ನಮ್ಮ. ಸೆರಗು ಹರಿದು ಪಾಪಕ್ಕನ ಕೈಗೆ ಸುತ್ತಿದಳು. ಎರಡು ಬೆರಳು ಚಪ್ಪಟೆಯಾಗಿದ್ದವು.

"ಅಳ್ಬ್ಯಾಡ ಕಣಮ್ಮೀ" ಎಂದಳು ಪಾಪಕ್ಕ, ಹಲ್ಲು ಕಚ್ಚಿ. "ಬಲಗೈ ಐತಲ್ಲ, ಗಂಡುಂಗೆ ಗುದ್ದಾಕೆ ಅದು ಸಾಕು."

"ಸುಣ್ಣ ಅಚ್ಕೊಳ್ಳೇ, ಸರಿಯೋಗ್ತದೆ" ಎಂದು ಕೋದಂಡಪ್ಪ ತನ್ನ ಮೆತ್ತೆ ಹತ್ತಿದ. ಲಾರಿ ಹಿಂದಕ್ಕೆ ಸರಿದು ಮತ್ತೆ ರಸ್ತೆ ಸೇರಿತು.

ಬಂಗಾರಪೇಟೆ ಕಳೆದ ಮೇಲೆ ಬರುವ ಏರು ಮೊದಲಿನದಕ್ಕಿಂತ ಉದ್ದ. ನೆತ್ತಿ ತಲುಪುವಾಗ ರೇಡಿಯೇಟರ್ ಕುದಿದು ಲಾರಿ ನಿಂತಿತು. ಸೊಣ್ಣಪ್ಪ ಹ್ಯಾಂಡ್ ಬ್ರೇಕು ಎಳೆದು, ಡಬ್ಬದ ನೀರು ಹುಯ್ದು, ಮತ್ತೆ ಪೆಟ್ಟಿಗೆಯ ಮೇಲೆ ಕೂತ. ಏರಿನ ನೆತ್ತಿಯಲ್ಲಿ ನಿಂತು ನೋಡಿದರೆ ದೂರದಲ್ಲಿ, ಚಿನ್ನ ತೆಗೆದು ಸುರಿದ ಗಣಿ ಮಣ್ಣಿನ ಸಯನೈಡ್ ದಿಬ್ಬಗಳು ಬೆಳ್ಳಗೆ ಕಾಣುತ್ತಿದ್ದವು. ಹತ್ತಿರದಲ್ಲಿ, ಇಳಿಜಾರಿನ ತಳದಲ್ಲಿ, ಪಾಳಿ ಮುಗಿಸಿದ ಗಣಿ ಕೆಲಸದವರು ಗುಂಪುಗುಂಪಾಗಿ ರಸ್ತೆ ತುಂಬ ನಡೆದು ಬರುತ್ತಿದ್ದರು. ಕೆಲವರು ಸೈಕಲ್ ತಳ್ಳುತ್ತಿದ್ದರು. ಪೆಟ್ಟಿಗೆಯ ಮೇಲೆ ಕೂತವನಿಗೆ ಬಾನೆಟ್ಟಿನ ಆಚೆ ಅವರಲ್ಲಿ ಒಬ್ಬರೂ ಕಾಣುತ್ತಿರಲಿಲ್ಲ.

"ಸಾಮಿ, ಒಂದಕ್ಕೆ ಓಗ್ಬುಟ್ ಬತ್ತೀವಿ" ಎಂದಳು ಪಾಪಕ್ಕ.

"ಲಾರಿ ಕಂಡ್ರೆ ಸಾಕು, ಮುಂಡೇವ್ಕೆ ಉಚ್ಚೆ. ಬೇಗ್ ಬನ್ನಿ."

ಹೆಂಗಸರು ಇಳಿದು ಬೇಲಿಯ ಮರೆಗೆ ಹೋದರು. ಹೋದವರು ಅಲ್ಲೇ ನಿಂತರು.

"ನಾನ್ ಇನ್ ಲಾರಿ ಅತ್ತಲ್ಲ" ಎಂದಳು ಪಾಪಕ್ಕ. "ಗಣಿ ಗಂಟ ನಡ್ಕಂಡೇ ಬತ್ತೀನಿ."

"ನಾವ್ ನಡೀಬೈದು. ರತ್ನಮ್ಮನ ಗಂಡ?" ಎಂದಳು ಪಕ್ಕದ ಮನೆಯ ಅಕ್ಕಯ್ಯಮ್ಮ.

ಮುನಿರತ್ನಮ್ಮ ಬೇಲಿಯ ಬುಡದಲ್ಲಿದ್ದ ಒಂದು ಗುಂಡುಕಲ್ಲನ್ನು ಹೊಟ್ಟೆಗೊತ್ತಿ ಎತ್ತಿಕೊಂಡು ಬಂದು, ಲಾರಿಯ ಮುಂದಿನ ಚಕ್ರಕ್ಕೆ ಅಡ್ಡ ಇಟ್ಟಳು. ಅಕ್ಕಯ್ಯಮ್ಮ ಇನ್ನೊಂದು ಕಲ್ಲು ತಂದಳು. ಪಾಪಕ್ಕ ಒಂದೇ ಕೈಯಲ್ಲಿ ಒಂದನ್ನು ಉರುಳಿಸಿಕೊಂಡು ಬಂದಳು. ಉಳಿದವರೂ ಒಬ್ಬೊಬ್ಬರಾಗಿ ತಂದರು.

"ಏನ್ರೇ ಮಾಡ್ತಿದ್ದೀರಾ?" ಕೋದಂಡಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಇಂಜಿನ್ ಆರ್ಸಿ ಬಿಡೋದಾದ್ರೆ ಬ್ಯಾಡ ಸಾಮಿ" ಎಂದಳು ಪಾಪಕ್ಕ. "ಕೆಳಗೆ ಜನ ಬತ್ತವ್ರೆ, ಕಾಣ್ಸಲ್ವಾ?"

"ನನ್ ಲಾರಿ, ನನ್ ಪೆಟ್ರೋಲು! ತೆಗೀರೇ ಕಲ್ಲು. ನಾಳೆಯಿಂದ ನನ್ ಒಲದ್ ಬದುವಿನ್ ಮೇಲೆ ಬಂದ್ರೆ ಕಾಲ್ ಮುರೀತೀನಿ. ಒಂದ್ ಕಡ್ಡಿ ಸೌದೆ ಅದೆಂಗೆ ಆಯ್ತೀರೋ, ಅದೆಂಗೆ ಒಲೆ ಅಚ್ತೀರೋ ನೋಡ್ತೀನಿ."

ಆ ಮಾತಿಗೆ ಅಕ್ಕಯ್ಯಮ್ಮ ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಕಲ್ಲನ್ನು ಮಾತ್ರ ತೆಗೆಯಲಿಲ್ಲ.

ಕೋದಂಡಪ್ಪ ಕೀಯನ್ನು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡ. "ಲೇ ಸೊಣ್ಣಾ, ಅಂಡ್ ಬಿರೇಕು ಬಿಡ್ಲಾ. ಕಲ್ಲು ತಾನೇ ಉರುಳ್ತವೆ. ಮುಂದೆ ನಿಂತೋರೂ ತಾನೇ ಸರೀತಾರೆ."

ಸೊಣ್ಣಪ್ಪನ ಕೈ ಹ್ಯಾಂಡ್ ಬ್ರೇಕಿನ ಮೇಲೆ ಹೋಯಿತು. ಕೆನ್ನೆಯಲ್ಲಿ ಮೆಟ್ಟಿನ ಅಚ್ಚು ಇನ್ನೂ ಕೆಂಪಗೆ ಇತ್ತು. ಅವನು ಹೆಂಡತಿಯನ್ನು ನೋಡಲಿಲ್ಲ, ಕೋದಂಡಪ್ಪನನ್ನೂ ನೋಡಲಿಲ್ಲ. ಕೆಳಗಿನಿಂದ ಗಣಿಯವರ ಮಾತು, ಸೈಕಲ್ ಗಂಟೆ, ಯಾರದೋ ನಗು ಗಾಳಿಯಲ್ಲಿ ತೇಲಿಬಂದವು.

ಮುನಿರತ್ನಮ್ಮ ಚಕ್ರದ ಮುಂದಿನಿಂದ ಸರಿದು ಗಂಡನ ಕಡೆಯ ಬಾಗಿಲಿಗೆ ಬಂದಳು. ಊರ ದೊಡ್ಡವರ ಎದುರಿಗೆ ಅವಳು ಈವರೆಗೆ ಬಾಯಿ ತೆರೆದವಳಲ್ಲ. ಎರಡೂ ಕೈಯಲ್ಲಿ ಬಾಗಿಲ ತಗಡನ್ನು ಹಿಡಿದುಕೊಂಡಳು. ಬಿಸಿಲಿಗೆ ಕಾದ ತಗಡು ಅಂಗೈ ಸುಡುತ್ತಿತ್ತು.

"ಇಳ್ದ್ ಬಾ" ಎಂದಳು.

ಸೊಣ್ಣಪ್ಪನ ಕೈ ಇದ್ದಲ್ಲೇ ಇತ್ತು.

"ನೀನ್ ಇಳ್ದ್ ಬಾ" ಎಂದಳು ಮತ್ತೆ.

ಸೊಣ್ಣಪ್ಪ ಹ್ಯಾಂಡ್ ಬ್ರೇಕನ್ನು ಇನ್ನೊಮ್ಮೆ ಬಿಗಿಯಾಗಿ ಎಳೆದು, ಬಾಗಿಲು ತೆರೆದು, ಬಲಗಾಲನ್ನು ಮೊದಲು ನೆಲಕ್ಕೆ ಇಟ್ಟು ಇಳಿದ.