ಸೊನ್ನೆಯಿಂದ ಎಣಿಸಿದವನು

ಎರಡನೇ ಸಲವೂ ಆ ಪುಟ್ಟ ಯಂತ್ರ ಒಪ್ಪಲಿಲ್ಲ. ಬೆರಳುದ್ದದ ಯಂತ್ರ, ನೆತ್ತಿಯ ಮೇಲೆ ಎರಡು ಗುಂಡಿ, ಮುಖದಲ್ಲಿ ಅಂಚೆಚೀಟಿಯ ಅರ್ಧದಷ್ಟು ಪರದೆ. ಅದರ ತಂತಿ ಊಟದ ಮೇಜಿನ ಮೇಲಿದ್ದ ಹೊಸ ಲ್ಯಾಪ್‌ಟಾಪಿಗೆ ಸೇರಿತ್ತು. ಕಿಟಕಿಯ ಕಡೆ ತಿರುಗಿ, ಅಂಗೈ ಮರೆಮಾಡಿಕೊಂಡು ಪಿನ್ ಒತ್ತುತ್ತಿದ್ದ ಮುದುಕ ಈಗ ಇತ್ತ ತಿರುಗಿದ. ಏನೋ ಹೇಳುತ್ತಿದೆ ನೋಡು ಎಂದು ಅದನ್ನು ಹೆಂಡತಿಯ ಕಡೆ ಚಾಚಿದ.

ಆಕೆ ಓದಿದಳು. ಪಿನ್ ತಪ್ಪು, ಇನ್ನು ಉಳಿದಿರುವುದು ಒಂದೇ ಅವಕಾಶ ಎಂದಿತ್ತು. ಓದಿ ಹೇಳಿದ ದನಿಯಲ್ಲಿ ಹೆದರಿಕೆ ಕಾಣಿಸಲಿಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಪರಊರಿನ ಕರೆ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕೂತು, ಸಾವಿನ ಕರೆಗೂ ಮದುವೆಯ ಕರೆಗೂ ಒಂದೇ ದನಿಯಲ್ಲಿ "ಮಾತಾಡಿ" ಎಂದವಳು ಅವಳು. ಬೀದಿಯವರು ಈಗಲೂ ಆಪರೇಟರಮ್ಮ ಎಂದೇ ಕರೆಯುವುದು.

ಗಂಡ ಅದೇ ಕಟ್ಟಡದ ಕೆಳಮಹಡಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಅಲ್ಲಿ ಆಳೆತ್ತರದ ಕಪಾಟುಗಳ ತುಂಬ ಸ್ವಿಚ್ಚುಗಳು. ಊರಿನಲ್ಲಿ ಯಾರು ಎಲ್ಲಿ ಡಯಲ್ ತಿರುಗಿಸಿದರೂ ಇಲ್ಲಿ ಅಷ್ಟು ಸಲ ಟಿಕ್ ಎನ್ನಬೇಕು. ಐದಕ್ಕೆ ಐದು ಟಿಕ್ಕು, ಒಂಬತ್ತಕ್ಕೆ ಒಂಬತ್ತು. ಆತ ಸದ್ದು ಕೇಳಿಯೇ ಕರೆ ಯಾವ ನಂಬರಿಗೆ ಹೋಗುತ್ತಿದೆ ಎಂದು ಹೇಳಿಬಿಡುತ್ತಿದ್ದ. ಒಂದು ಟಿಕ್ಕು ಕಡಿಮೆ ಬಿದ್ದರೂ ಹಲ್ಲುನೋವಿನವನ ಹಾಗೆ ಮುಖ ಕಿವುಚಿಕೊಂಡು ಏಣಿ ಹತ್ತುತ್ತಿದ್ದ. ಅದಕ್ಕೇ ಜೊತೆಗಾರರು ಕಿವಿಯಪ್ಪ ಎಂದು ಹೆಸರಿಟ್ಟರು. ನಿಜವಾದ ಹೆಸರು ಬೇರೆ ಇತ್ತು; ಅದನ್ನು ಕರೆಯುತ್ತಿದ್ದವರು ಪೆನ್ಷನ್ ಆಫೀಸಿನವರು ಮಾತ್ರ.

ಈ ಯಂತ್ರ ಮನೆಗೆ ಬಂದದ್ದೂ ಕಿವಿಯಪ್ಪನ ಕೈ ಸುಮ್ಮನಿರದ್ದರಿಂದ. ನಿವೃತ್ತನಾದ ಮೇಲೆ ಕ್ರಿಪ್ಟೋ ನಾಣ್ಯದ ಬಗ್ಗೆ ಎಲ್ಲೋ ಓದಿ, ಒಂದಿಷ್ಟು ಕೊಂಡು, ಕಾಪಾಡಲು ಈ ಹಾರ್ಡ್‌ವೇರ್ ವಾಲೆಟ್ಟನ್ನೂ ತರಿಸಿಕೊಂಡಿದ್ದ. ನಾಣ್ಯ ಇದರೊಳಗೆ ಇರುವುದಿಲ್ಲ, ಬೀಗದಕೈ ಮಾತ್ರ ಇರುತ್ತದೆ ಎಂದು ಹೆಂಡತಿಗೆ ಹತ್ತು ಸಲ ಬಿಡಿಸಿ ಹೇಳಿದ್ದ. ನಾಣ್ಯವಿಲ್ಲದ ಪರ್ಸಾದರೆ ನಿಮ್ಮ ಹತ್ತಿರ ಮೊದಲೇ ಒಂದಿತ್ತಲ್ಲ ಎಂದು ಆಕೆ ನಕ್ಕಿದ್ದಳು. ವರ್ಷದ ಹಿಂದೆ ಹಳೆಯ ಕಂಪ್ಯೂಟರ್ ಕೈಕೊಟ್ಟಾಗ ಯಂತ್ರ ಡ್ರಾಯರ್ ಸೇರಿತು. ಮೊನ್ನೆ ಭಾನುವಾರ ಮಗಳು ಬಂದವಳು ಹೊಸ ಲ್ಯಾಪ್‌ಟಾಪಿನ ಬ್ರೌಸರಿಗೆ ವಾಲೆಟ್ಟಿನ ಎಕ್ಸ್‌ಟೆನ್ಷನ್ ಎಂಬ ಪುಟ್ಟ ಆ್ಯಪ್ ಹಾಕಿ, ಯಂತ್ರವನ್ನು ಇದಕ್ಕೆ ಜೋಡಿಸಿಕೊಂಡರೆ ಹಳೆಯದೆಲ್ಲ ಕಾಣಿಸುತ್ತದೆ, ಐದು ನಿಮಿಷದ ಕೆಲಸ ಎಂದಳು. ಪಿನ್ ಒತ್ತುವಾಗ ಹೆತ್ತ ಮಗಳೂ ಪಕ್ಕದಲ್ಲಿ ಇರಕೂಡದು ಎಂಬುದು ಅಪ್ಪನ ಕಾಯಿದೆ. ನಾನೇ ಮಾಡಿಕೊಳ್ಳುತ್ತೇನೆ ಎಂದು ಅವಳನ್ನು ಕಳಿಸಿಬಿಟ್ಟ. ಇವತ್ತು ನಾಳೆ ಎಂದು ತಳ್ಳಿ, ಆ ಐದು ನಿಮಿಷ ಗುರುವಾರ ಮಧ್ಯಾಹ್ನಕ್ಕೆ ಬಂದು ನಿಂತಿತ್ತು.

ಮೂರನೇ ಸಲವೂ ತಪ್ಪಿದರೆ ಯಂತ್ರ ಹೊಟ್ಟೆಯಲ್ಲಿರುವುದನ್ನೆಲ್ಲ ಅಳಿಸಿಕೊಂಡುಬಿಡುತ್ತದೆ. ಹಾಗೆಂದು ನಾಣ್ಯವೇನೂ ಮುಳುಗುವುದಿಲ್ಲ. ಯಂತ್ರ ಕೊಂಡಾಗ ಇಪ್ಪತ್ತನಾಲ್ಕು ಪದ ಬರೆದ ಚೀಟಿಯೊಂದು ಅಂಟಿಸಿದ ಲಕೋಟೆಯಲ್ಲಿ ಮಗಳ ಬೀರುವಿನಲ್ಲಿದೆ, ಅದರಿಂದ ಎಲ್ಲವನ್ನೂ ಮರಳಿ ಪಡೆಯಬಹುದು. ಆದರೆ ಚೀಟಿ ಬೇಕೆಂದರೆ ಮಗಳಿಗೆ ಕಾರಣ ಹೇಳಬೇಕು. ಅಪ್ಪನಿಗೆ ಪಿನ್ ಮರೆತುಹೋಯಿತು ಎನ್ನಬೇಕು. ಆಪರೇಟರಮ್ಮನಿಗೆ ಬಾಯಿಬಿಟ್ಟು ಆಡಲಾಗದ ಮಾತು ಅದೇ.

ಕಿವಿಯಪ್ಪನ ಅಣ್ಣನ ಮರೆವಿನ ಕಾಯಿಲೆ ಹೀಗೇ ಶುರುವಾಗಿತ್ತು. ಒಂದು ಸಂಜೆ ಪಕ್ಕದ ಮನೆಯ ಗೇಟಿಗೆ ತನ್ನ ಬೀಗದಕೈ ಹಾಕಿ, ಯಾರೋ ಬೀಗ ಬದಲಿಸಿದ್ದಾರೆ ಎಂದು ಜಗಳವಾಡಿದ್ದ. ಎಲ್ಲರೂ ನಕ್ಕಿದ್ದರು. ಎರಡು ವರ್ಷದೊಳಗೆ, ಹೊರಗೆ ಹೋಗದಿರಲಿ ಎಂದು ಆತನ ಚಪ್ಪಲಿ ಬಚ್ಚಿಡಬೇಕಾಯಿತು. ಕೊನೆಗೆ ಒಡಹುಟ್ಟಿದ ತಮ್ಮನನ್ನೇ, ತಾವು ಯಾರ ಪೈಕಿ ಎಂದು ಕೇಳಿದ. ಈಗ ಎರಡು ತಿಂಗಳಿಂದ ಆಪರೇಟರಮ್ಮ ಗಂಡನನ್ನು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದಳು. ಹಾಲನ್ನು ಲೋಟದ ಪಕ್ಕಕ್ಕೆ ಸುರಿದಿದ್ದ. ಪೇಪರು ಬಿಡಿಸಿ ಎರಡೇ ನಿಮಿಷಕ್ಕೆ ಮಡಿಸಿ ಇಡುತ್ತಿದ್ದ. ಎದುರಿಗೆ ಬಂದ ಹಳೆಯ ಗೆಳೆಯನನ್ನು ಗುರುತಿಸದೆ ದಾಟಿ ಹೋಗಿದ್ದ. ಕಳೆದ ವಾರ ಪಕ್ಕದ ಮನೆಯ ಗೇಟಿನ ಚಿಲಕಕ್ಕೂ ಕೈ ಹಾಕಿದ್ದ.

"ಕೊಡು ಇಲ್ಲಿ, ಈ ಸಲ ಆಗುತ್ತೆ," ಎಂದು ಕಿವಿಯಪ್ಪ ಕೈ ಚಾಚಿದ. ಆಕೆ ಕೊಡಲಿಲ್ಲ. ಎರಡು ಸಲವೂ ಸರಿಯಾಗಿ ಒತ್ತಿದ್ದಿರಾ ಎಂದು ಕೇಳಿದಳು. ಸರಿಯಾಗಿಯೇ ಒತ್ತಿದ್ದೆ, ಇದರದ್ದೇ ಏನೋ ತಕರಾರು ಎಂದ. ಬೀಗ ಬದಲಿಸಿದ್ದಾರೆ ಎಂದಿದ್ದ ಭಾವನ ದನಿಯೇ ಕೇಳಿದಂತಾಯಿತು ಆಕೆಗೆ. ಇರಲಿ ಬಿಡಿ, ಭಾನುವಾರ ಮಗಳು ಬಂದಾಗ ನೋಡಿದರಾಯಿತು ಎಂದಳು.

"ಅವಳಿಗೆ ಹೇಳ್ಬೇಡ," ಎಂದ ಕಿವಿಯಪ್ಪ.

ಅದನ್ನು ಹೇಳಿದ ರೀತಿಯಲ್ಲೇ ಆಕೆಗೆ ತಿಳಿಯಿತು, ಹೆದರಿದ್ದು ತಾನೊಬ್ಬಳೇ ಅಲ್ಲ ಎಂದು. ಮಗಳಿಗೆ ಹೇಳಬೇಕು, ಹೇಳಲಾಗದು; ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು. ಯಂತ್ರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಗಂಡನ ಎದುರಿನ ಕುರ್ಚಿಯಲ್ಲಿ ಕೂತಳು. ಆಗ ಒಂದು ಸಂಗತಿ ಹೊಳೆಯಿತು. ಪಿನ್ ಒತ್ತುವಾಗ ಕಿಟಕಿಯ ಗಾಜಿನಲ್ಲಿ ಆತನ ಮುಖ ಕಂಡಿತ್ತು. ತುಟಿ ಪಿಟಪಿಟ ಆಡುತ್ತಿತ್ತು, ಕಣ್ಣು ಮುಚ್ಚಿತ್ತು.

"ಕಣ್ಣು ಮುಚ್ಕೊಂಡು ಯಾಕೆ ಒತ್ತುತಿದ್ರಿ?"

"ಎಣಿಸೋದಕ್ಕೆ. ಗುಂಡಿ ಒತ್ತಿದ್ರೆ ಟಿಕ್ ಅನ್ನುತ್ತಲ್ಲ. ನಾಲ್ಕು ಬೇಕಂದ್ರೆ ನಾಲ್ಕು ಟಿಕ್ಕು. ಆಮೇಲೆ ಎರಡೂ ಗುಂಡಿ ಒಟ್ಟಿಗೆ ಅದುಮಿದ್ರೆ ಆಯ್ತು." ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳಿಕೊಡುವ ಗತ್ತಿನಲ್ಲೇ ಹೇಳಿದ. ಹುಟ್ಟುಗುಣ ಸುಟ್ಟರೂ ಹೋಗದು.

ಆಪರೇಟರಮ್ಮ ಮುಷ್ಟಿ ಬಿಡಿಸಿ ನೋಡಿದಳು. ಪಿನ್ನಿನ ಮೊದಲ ಅಂಕಿಯ ಜಾಗದಲ್ಲಿ ಎಂಟು ಇತ್ತು. ಹಾಗೆಂದಾಗ ಕಿವಿಯಪ್ಪ ನಂಬಲಿಲ್ಲ. ಸೊನ್ನೆ ಇರಬೇಕಲ್ಲ, ನೀನೇ ಏನೋ ಮುಟ್ಟಿದ್ದೀಯ ಎಂದ. ಆಕೆ ತಂತಿ ಕಿತ್ತು ಮತ್ತೆ ಚುಚ್ಚಿದಳು. ಈ ಸಲ ಮೂರು. ಇನ್ನೊಮ್ಮೆ ಕಿತ್ತು ಚುಚ್ಚಿದರೆ ಆರು. ಪಕ್ಕದಲ್ಲಿ ಕೂತವರು ಟಿಕ್ಕು ಎಣಿಸಿ ಪಿನ್ ಕದಿಯದಿರಲಿ ಎಂದು ಯಂತ್ರ ಪ್ರತಿ ಸಲ ಬೇರೆ ಬೇರೆ ಅಂಕಿಯಿಂದ ಶುರುಮಾಡುತ್ತಿತ್ತು. ಹಳೆಯ ಡಯಲ್ಲಾದರೆ ಬೆರಳು ತೆಗೆದ ಕೂಡಲೇ ತನ್ನ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಇದಕ್ಕೆ ತನ್ನದು ಎಂಬ ಜಾಗವೇ ಇರಲಿಲ್ಲ.

"ಇಷ್ಟು ವರ್ಷವೂ ಹೀಗೇ ಎಣಿಸ್ತಿದ್ರಾ?"

"ಇಲ್ಲ. ಆಗ ನೋಡಿ ಒತ್ತುತಿದ್ದೆ. ಎಲ್ಲಿಂದ ಶುರುವಾಗುತ್ತೆ ಅಂತ ಗಮನಿಸಿರ್ಲಿಲ್ಲ."

"ಮತ್ತೆ ಈಗ?"

ಆಕೆ ಯಂತ್ರವನ್ನು ಆತನ ಮುಖದ ಮುಂದೆ ಹಿಡಿದು, ಇದು ಎಷ್ಟು ಹೇಳಿ ಎಂದಳು. ಆತ ಅದನ್ನು ದೂರ ತಳ್ಳಿ ನೋಡಿದ, ಹತ್ತಿರ ಎಳೆದು ನೋಡಿದ, ಬೆಳಕಿಗೆ ಓರೆ ಮಾಡಿ ನೋಡಿದ.

"ಎಲ್ಲಾ ಬೆಳ್ಳಗೆ ಕಾಣುತ್ತೆ," ಎಂದ ಕೊನೆಗೆ. "ಬಚ್ಚಲಲ್ಲಿ ಹಬೆ ಕೂತ ಕನ್ನಡಿ ಇರುತ್ತಲ್ಲ, ಹಾಗೆ. ಆಗಿದೆ ಒಂದು ಆರು ತಿಂಗಳು." ಮೇಜಿನ ಕಡೆ ಮುಖ ಮಾಡಿಕೊಂಡು, "ಪೊರೆ ತೆಗೆಯೋಕೆ ಕಣ್ಣಿಗೆ ಸೂಜಿ ಚುಚ್ತಾರಂತೆ ಕಣೇ," ಎಂದ.

ಬಿರುಗಾಳಿಯಲ್ಲಿ ಕಂಬ ಹತ್ತಿದ್ದ ಮನುಷ್ಯ ಸೂಜಿಗೆ ಹೆದರಿ ಆರು ತಿಂಗಳು ಕುರುಡನ ಹಾಗೆ ಬದುಕಿದ್ದ. ಲೋಟದ ಪಕ್ಕದ ಹಾಲು, ಮಡಿಸಿಟ್ಟ ಪೇಪರು, ಮುನಿಸಿಕೊಂಡ ಗೆಳೆಯ, ಪಕ್ಕದ ಮನೆಯ ಚಿಲಕ, ಒಂದೊಂದೇ ಆಕೆಯ ಕಣ್ಣ ಮುಂದೆ ಬಂದು ಹೋದವು. ಗಂಡನಿಗೆ ಕಣ್ಣು ಕಾಣಿಸುತ್ತಿಲ್ಲ ಎಂದು ತಿಳಿದು ಹಿಗ್ಗಿದ ಹೆಂಡತಿ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು. ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಆತ ಸಿಟ್ಟಾಗಿ, ಇದರಲ್ಲಿ ನಗೋದೇನಿದೆ ಎಂದು ಕೇಳಿದ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಚೆನ್ನಾಗಿ ಬೈದಳು. ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು ಎಂದು ತೀರ್ಮಾನಿಸಿ ಆತನಿಂದ ಹೂಂ ಎನ್ನಿಸಿದಳು. ಆದರೂ ಎದೆಯ ಮೂಲೆಯಲ್ಲಿ ಒಂದು ಚೂರು ಹೆದರಿಕೆ ಉಳಿದೇ ಇತ್ತು. ಕಣ್ಣಿನ ಕಥೆ ಸರಿ. ಪಿನ್ ನೆನಪಿದೆಯೋ ಇಲ್ಲವೋ ಇನ್ನೂ ಗೊತ್ತಾಗಿರಲಿಲ್ಲ.

ನಂಬರು ಹೇಳಿ, ನಾನು ಒತ್ತುತ್ತೇನೆ ಎಂದಳು. ಆತ ತಲೆಯಾಡಿಸಿದ. ಪಿನ್ ಹೆಂಡತಿಗೂ ಹೇಳುವಂಥದ್ದಲ್ಲವಂತೆ. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಆಪರೇಟರಮ್ಮನಿಗೆ ಅದು ತನ್ನದೇ ಕಾಯಿದೆಯಂತೆ ಕೇಳಿಸಿತು. ಕರೆ ಜೋಡಿಸಿದ ಮೇಲೆ ಬೋರ್ಡಿನಲ್ಲಿ ಆಪರೇಟರು ಕೇಳುವ ಕೀ ಮುಚ್ಚಬೇಕು, ಎರಡು ಕಡೆಯವರ ಮಾತಿಗೆ ಕಿವಿ ಕೊಡಕೂಡದು. ಮೂವತ್ತೊಂದು ವರ್ಷದಲ್ಲಿ ಅದನ್ನು ಒಂದೇ ಒಂದು ಸಲ ಮುರಿದಿದ್ದಳು. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಕೆಳಮಹಡಿಯಿಂದ ಪಕ್ಕದ ಊರಿನ ಎಕ್ಸ್‌ಚೇಂಜಿಗೆ ಹೋದ ಕರೆ. ಕೆಳಗಿನ ಮೆಕ್ಯಾನಿಕ್ ಅಲ್ಲಿಯವನಿಗೆ, ನಮ್ಮಲ್ಲಿ ಏಳನೇ ಬೋರ್ಡಿನಲ್ಲಿ ಒಂದು ದನಿ ಇದೆ, ಅದನ್ನು ಕೇಳಿದರೆ ಕೆಟ್ಟ ಲೈನೂ ತಾನಾಗಿ ರಿಪೇರಿಯಾಗುತ್ತದೆ ಎನ್ನುತ್ತಿದ್ದ. ಏಳನೇ ಬೋರ್ಡಿನಲ್ಲಿ ಕೂತಿದ್ದವಳು ಕೀ ಮುಚ್ಚಲು ಮರೆತಳು. ಆ ಸಂಗತಿಯನ್ನು ಇವತ್ತಿನವರೆಗೂ ಗಂಡನಿಗೆ ಹೇಳಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಕೆಯೇ ದಾರಿ ಹುಡುಕಿದಳು. ಯಂತ್ರ ಯಾವ ಅಂಕಿಯಲ್ಲಿ ನಿಂತಿದೆ ಎಂದು ತಾನು ಹೇಳುವುದು, ಹೇಳಿ ಗೋಡೆಗೆ ಮುಖ ಮಾಡುವುದು. ಅಲ್ಲಿಂದ ತನ್ನ ಅಂಕಿಯವರೆಗೆ ಆತ ಟಿಕ್ಕು ಎಣಿಸಿಕೊಳ್ಳುವುದು. ಆರು ಎಂದು ಹೇಳಿ ತಿರುಗಿದಳು. ಹಿಂದಿನಿಂದ ಟಿಕ್ಕುಗಳು ಕೇಳಿದವು. ತಾನೂ ಎಣಿಸಿಬಿಟ್ಟೇನು ಎಂದು ಹೆದರಿ ಯಾವುದೋ ಹಳೆಯ ಹಾಡು ಗುನುಗತೊಡಗಿದಳು. ಗುನುಗಬೇಡ, ಎಣಿಕೆ ತಪ್ಪುತ್ತದೆ ಎಂದು ಆತ ಗದರಿದ. ಕಿವಿಗೆ ಬೆರಳು ತುರುಕಿಕೊಂಡು ನಿಂತಳು. ಮುಗಿದಾಗ ಆತ ಆಕೆಯ ಭುಜ ತಟ್ಟುವುದು, ಆಕೆ ತಿರುಗಿ ಮುಂದಿನ ಅಂಕಿ ಓದುವುದು, ಮತ್ತೆ ಗೋಡೆ. ಹೀಗೆ ಆರು ಅಂಕಿಗೆ ಆರು ಸಲ. ಆರನೆಯದಕ್ಕೆ ಭುಜದ ಮೇಲೆ ಬಿದ್ದ ಕೈ ಅಲ್ಲೇ ಉಳಿಯಿತು.

ಯಂತ್ರ ತೆರೆದುಕೊಂಡಿತ್ತು. ಜೋಡಿಸುವ ಕ್ರಮವನ್ನು ಮಗಳು ಭಾನುವಾರ ಬೇರೊಂದು ಚೀಟಿಯಲ್ಲಿ ಬರೆದಿಟ್ಟು ಹೋಗಿದ್ದಳು. ಆಕೆ ಅದನ್ನು ನೋಡಿಕೊಂಡು ಎಕ್ಸ್‌ಟೆನ್ಷನ್ನಿನಲ್ಲಿ ಹಾರ್ಡ್‌ವೇರ್ ವಾಲೆಟ್ ಜೋಡಿಸು ಎಂಬಲ್ಲಿ ಒತ್ತಿದಳು. ಬ್ರೌಸರ್ ಅಪ್ಪಣೆ ಕೇಳಿತು, ಕೊಟ್ಟಳು. ಲ್ಯಾಪ್‌ಟಾಪಿನ ಮೇಲೂ ಯಂತ್ರದ ಮೇಲೂ ನಾಣ್ಯವಿರುವ ಖಾತೆಯ ಉದ್ದನೆಯ ವಿಳಾಸವೊಂದು ಮೂಡಿತು; ಅಂಕಿ, ಇಂಗ್ಲಿಷ್ ಅಕ್ಷರ ಬೆರೆತ ನಲವತ್ತು ಗುರುತು. ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಯಂತ್ರದ ಎರಡೂ ಗುಂಡಿ ಅದುಮಿ ಎಂದು ಚೀಟಿಯಲ್ಲಿತ್ತು.

ಆಕೆಯೊಬ್ಬಳೇ ನೋಡಿ ಮುಗಿಸಬಹುದಿತ್ತು. ಕಿವಿಯಪ್ಪ ಒಪ್ಪಲಿಲ್ಲ. "ಒಬ್ಬರೇ ಎರಡೂ ಕಡೆ ನೋಡಿದ್ರೆ ತಪ್ಪು ಸಿಗಲ್ಲ. ನೀನು ಓದು, ನಾನು ವಾಪಸ್ ಹೇಳ್ತೀನಿ."

ಎಕ್ಸ್‌ಚೇಂಜಿನಲ್ಲಿ ಬೆಳಿಗ್ಗೆ ಎಂಟಕ್ಕೆ ಇದೇ ಕೆಲಸವಿರುತ್ತಿತ್ತು. ಮೇಲಿನಿಂದ ಆಕೆ ಕೆಟ್ಟ ಲೈನುಗಳ ನಂಬರು ಓದುವುದು, ಕೆಳಗಿನಿಂದ ಆತ ಹಿಂದಿರುಗಿಸಿ ಹೇಳುವುದು, ಸರಿ ಎಂದ ಮೇಲೆಯೇ ಮುಂದಿನದು. ಮೊದಲ ಎರಡು ವರ್ಷ ಅವರಿಬ್ಬರೂ ನಂಬರು ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಆದರೂ ರಜೆಯ ದಿನ ಎಂಟು ಹೊಡೆದರೆ ಆಕೆಗೆ ಏನೋ ಕಳೆದುಕೊಂಡಂತಾಗುತ್ತಿತ್ತು.

ಯಂತ್ರದಿಂದ ನಾಲ್ಕು ನಾಲ್ಕಾಗಿ ಓದತೊಡಗಿದಳು. ಏಳು, ಬಿ, ಮೂರು, ಎಫ್. ಆತ ತಿರುಗಿ ಹೇಳಿದ್ದನ್ನು ಲ್ಯಾಪ್‌ಟಾಪಿನಲ್ಲಿ ನೋಡಿ, ಸರಿ ಎಂದಳು. ಅರಿವಿಲ್ಲದೆ ದನಿ ಹಳೆಯ ಬೋರ್ಡಿನ ದನಿಯಾಗಿತ್ತು. ಆತನೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಹತ್ತು ಗುಂಪು ಮುಗಿದವು, ಒಂದೂ ತಪ್ಪಿರಲಿಲ್ಲ. ಇನ್ನು ಗುಂಡಿ ಅದುಮುವುದಷ್ಟೇ ಬಾಕಿ.

"ಮೊದಲಿಂದ ಪೂರ್ತಿ ಹೇಳಿ, ನೋಡೋಣ," ಎಂದಳು. ಅದರ ಅಗತ್ಯವೇನೂ ಇರಲಿಲ್ಲ.

ಕಿವಿಯಪ್ಪ ಸೂರಿನ ಕಡೆ ಮುಖ ಎತ್ತಿ ಶುರುಮಾಡಿದ. ಆಕೆ ಬೆರಳನ್ನು ಪರದೆಯ ಮೇಲೆ ಒಂದೊಂದೇ ಗುರುತಿಗೆ ಸರಿಸುತ್ತ ಹೋದಳು. ಏಳನೆಯ ಗುಂಪಿನಲ್ಲಿ ಆತ ತಡವರಿಸಿದಾಗ ಬೆರಳು ಅಲ್ಲೇ ನಿಂತಿತು. "ತಡಿ. ಒಂಬತ್ತು ಮೊದಲು, ಡಿ ಆಮೇಲೆ," ಎಂದು ತಾನೇ ತಿದ್ದಿಕೊಂಡು ಮುಂದೆ ಹೋದ. ನಲವತ್ತೂ ಸರಿಯಾಗಿದ್ದವು.

"ಇನ್ನೊಂದ್ಸಲ ಹೇಳಿ."

"ಯಾಕೆ, ತಪ್ಪಿತ್ತಾ?"

"ಇಲ್ಲ. ಹೇಳಿ."

ಆತ ಮತ್ತೆ ಮೊದಲಿನಿಂದ ಹೇಳತೊಡಗಿದ. ಈ ಸಲ ಆಕೆ ಪರದೆ ನೋಡಲಿಲ್ಲ. ಮೇಜಿನ ಮೇಲೆ ಮೊಳಕೈ ಊರಿ, ಕೆನ್ನೆಗೆ ಕೈ ಕೊಟ್ಟು, ಆತನ ಬಾಯಿ ನೋಡುತ್ತ ಕೂತಳು. ಗುಂಡಿ ಅದುಮುವವರಿಗಾಗಿ ಕಾದು ಕಾದು ಯಂತ್ರದ ಪರದೆ ಒಮ್ಮೆ ಮಿನುಗಿ, ಕಪ್ಪಾಗಿ, ಮತ್ತೆ ಪಿನ್ ಕೇಳುತ್ತ ಕೂತಿತು. ಅದು ಆಕೆಗೆ ಕಾಣಿಸಿತು. ಆತನಿಗೆ ಕಾಣಿಸಲಿಲ್ಲ. ಆಕೆ ಯಂತ್ರವನ್ನು ಮೆಲ್ಲಗೆ ಬೋರಲು ಹಾಕಿದಳು.

"ಸಿ, ನಾಲ್ಕು, ನಾಲ್ಕು, ಎಂಟು," ಎನ್ನುತ್ತಿದ್ದ ಕಿವಿಯಪ್ಪ.

"ಸರಿ," ಎಂದಳು.